ಪಕ್ಕದವರ ಬೆರಳು

ಆ ತರಗತಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರೂ ತಮ್ಮ ಕುಂಡದ ಮಣ್ಣಿಗೆ ತಾವೇ ಬೆರಳು ಹಾಕುವಂತಿರಲಿಲ್ಲ. ಪಕ್ಕದಲ್ಲಿ ಕೂತವರು ಹಾಕಬೇಕು, ಎರಡನೇ ಗೆಣ್ಣಿನವರೆಗೆ ಇಳಿಸಬೇಕು, ಹೊರಗೆ ತೆಗೆದು ಎಲ್ಲರಿಗೂ ಕೇಳುವಂತೆ ಹೇಳಬೇಕು: ಒಣಗಿದೆ, ಹದವಾಗಿದೆ, ಇಲ್ಲವೇ ಒದ್ದೆಯಾಗಿದೆ. ಅದರ ಮೇಲೆ ಒಂದು ಮಾತೂ ಹೆಚ್ಚಿಗೆ ಆಡುವಂತಿಲ್ಲ. ತನ್ನ ಗಿಡದ ವಿಷಯ ಬಂದಾಗ ಮನುಷ್ಯ ಸುಳ್ಳು ಹೇಳುತ್ತಾನೆ, ಹೇಳುತ್ತಿರುವುದು ಅವನಿಗೇ ಗೊತ್ತಿರುವುದಿಲ್ಲ ಎನ್ನುವುದು ಟೀಚರ್ ಅವರ ಗಟ್ಟಿ ನಂಬಿಕೆ.

ಟೀಚರ್ ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸುತ್ತಿದ್ದವರು. ನಿವೃತ್ತಿಯಾಗಿತ್ತು, ಸೀಟಿ ಮಾತ್ರ ಕೊರಳು ಬಿಟ್ಟು ಇಳಿದಿರಲಿಲ್ಲ. ಪ್ರತಿ ಶನಿವಾರ ಬೆಳಗ್ಗೆ ಬಡಾವಣೆಯ ಸಮುದಾಯ ಭವನದ ಹಿತ್ತಿಲಿನಲ್ಲಿ, ತಗಡಿನ ಚಪ್ಪರದ ಕೆಳಗೆ, ಮನೆಯಲ್ಲಿ ಗಿಡ ಬೆಳೆಸುವವರಿಗೆ ಅವರು ಪಾಠ ಮಾಡುತ್ತಿದ್ದರು. ಪಾಠವೆಂದರೆ ಅದೂ ಒಂದು ಬಗೆಯ ಕವಾಯತೇ. ಸೀಟಿ ಊದಿದರೆ ಕುಂಡ ಎತ್ತಬೇಕು, ಮತ್ತೆ ಊದಿದರೆ ಇಳಿಸಬೇಕು. ಮಣ್ಣು ಹದ ಮಾಡುವಾಗ ಯಾರಾದರೂ ಸೊಂಟ ಬಗ್ಗಿಸದೆ ನಿಂತಲ್ಲಿಂದಲೇ ಕೈಯಾಡಿಸಿದರೆ ಟೀಚರ್ ಕಣ್ಣು ಕೆಂಪಗಾಗುತ್ತಿತ್ತು. ಅರವತ್ತು ದಾಟಿದವರು ಕೂಡ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಮನೆಯಲ್ಲಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಗಂಡಸರು ಇಲ್ಲಿ ಬಂದು ಬೈಸಿಕೊಂಡು ಖುಷಿಯಾಗಿ ಹೋಗುತ್ತಿದ್ದರು.

ಹೆಸರುಗಳು ಟೀಚರ್ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾರು ಏನು ಬೆಳೆಯುತ್ತಾರೋ ಅದೇ ಅವರ ಹೆಸರು. ಬಸ್ ನಿಲ್ದಾಣದ ಎದುರು ಅಂಗಡಿ ಇಟ್ಟಿದ್ದ ಕ್ಷೌರಿಕ ಬೆಂಡೆಕಾಯಿಯಾಗಿದ್ದ. ಮುಂದಿನ ಸಾಲಿನ ಹೊಸ ಗಂಡಹೆಂಡಿರಲ್ಲಿ ಒಬ್ಬರು ಪುದೀನ, ಇನ್ನೊಬ್ಬರು ಮೂಲಂಗಿ. ಕ್ಷೌರಿಕನ ಪಕ್ಕ ಕೂರುತ್ತಿದ್ದ ಹೆಂಗಸಿಗೆ ಸಿಕ್ಕಿದ್ದು ಮೆಣಸಿನಕಾಯಿ. ಅವಳನ್ನು ಹತ್ತಿರದಿಂದ ಬಲ್ಲವರು ಕೇಳಿದ್ದರೆ ನಗುತ್ತಿದ್ದರೇನೋ, ಏಕೆಂದರೆ ಈಚೆಗೆ ಅವಳಲ್ಲಿ ಖಾರ ಹಾಗಿರಲಿ, ಉಪ್ಪು ಕೂಡ ಉಳಿದಿರಲಿಲ್ಲ.

ಅವಳು ತಾನಾಗಿ ಬಂದು ಸೇರಿದವಳಲ್ಲ. ನಾದಿನಿ ಸೇರಿಸಿದ್ದು. ಅತ್ತೆ ತೀರಿಕೊಂಡ ಮೇಲೆ ನಾದಿನಿ ಒಂದು ಭಾನುವಾರ ಬಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆಯ ಮುಂದೆ ಸುಮ್ಮನೆ ನಿಂತಿದ್ದ ಅತ್ತಿಗೆಯನ್ನು ನೋಡಿದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು, ಅತ್ತಿಗೆ ಅದನ್ನೇ ನೋಡುತ್ತಿದ್ದಳು.

"ಅತ್ತಿಗೆ, ಹೀಗೇ ಕೂತ್ರೆ ನೀವೂ ಹಾಸಿಗೆ ಹಿಡೀತೀರಿ. ಇಷ್ಟು ವರ್ಷ ಅಮ್ಮನ್ನ ನೋಡ್ಕೊಂಡಿರಿ, ಈಗ ಕೈಗೆ ಒಂದು ಕೆಲ್ಸ ಬೇಕು. ನಮ್ಮ ಆಫೀಸಿನವರೊಬ್ರು ಒಂದು ಕ್ಲಾಸಿಗೆ ಹೋಗ್ತಾರಂತೆ, ಅಲ್ಲಿ ಗಿಡ ಬೆಳೆಸೋದು ಹೇಳ್ಕೊಡ್ತಾರೆ. ನಿಮ್ಮ ಹೆಸ್ರು ಕೊಟ್ಟಿದ್ದೀನಿ."

"ಆಯ್ತು," ಎಂದಳು ಅವಳು. ಬೇಡ ಎನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ, ಅದು ಅವಳ ಹತ್ತಿರ ಇರಲಿಲ್ಲ.

ಹಾಗೆ ಶನಿವಾರ ಶನಿವಾರ ಮೆಣಸಿನ ಸಸಿಯ ಕುಂಡವನ್ನು ಬಟ್ಟೆಯ ಚೀಲದಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗಿ ಬರುವುದು ಶುರುವಾಯಿತು. ಗಿಡ ಚಿಗುರಿದರೆ ಸಂತೋಷವಿಲ್ಲ, ಎಲೆ ಉದುರಿದರೆ ಬೇಜಾರಿಲ್ಲ. ಒಂದು ಸಲ ಕಂಡಕ್ಟರ್ "ಮಗು ಚೆನ್ನಾಗಿದೆ" ಎಂದು ತಮಾಷೆ ಮಾಡಿದ. ಅದು ತಮಾಷೆ ಎಂದು ಅವಳಿಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ. ನಗುವ ಹೊತ್ತು ಮೀರಿಹೋಗಿತ್ತು.

ಕುಂಡದ ಪಕ್ಕದವನು ಕ್ಷೌರಿಕ. ದಿನವಿಡೀ ಕತ್ತರಿ ಹಿಡಿದು ಮಾತಾಡಿ ಅಭ್ಯಾಸವಾದವನಿಗೆ ಎದುರಿಗಿರುವವರು ಉತ್ತರ ಕೊಡಲೇಬೇಕು ಎಂದೇನಿಲ್ಲ. ಗಿರಾಕಿ ತಲೆ ಬಗ್ಗಿಸಿ ಕೂತಿದ್ದಷ್ಟೂ ಅವನಿಗೆ ಹುರುಪು. ಅವಳು ಅವನಿಗೆ ಹೇಳಿ ಮಾಡಿಸಿದ ಜೊತೆಗಾತಿಯಾದಳು.

"ನೋಡಿ ಅಮ್ಮ, ಕೂದ್ಲು ಆದ್ರೆ ಯಾರ ಅಪ್ಪಣೆನೂ ಕೇಳಲ್ಲ. ಕತ್ತರಿಸಿದಷ್ಟೂ ಬರುತ್ತೆ. ನಮ್ಮ ಹೊಟ್ಟೆಪಾಡು ನಡೀತಿರೋದೇ ಅದ್ರಿಂದ. ಈ ಬೆಂಡೆ ನೋಡಿ, ರಾಜನ ಹಾಗೆ ನೋಡ್ಕೊಂಡ್ರೂ ಮುಖ ಗಂಟಿಕ್ಕೊಂಡು ಕೂತಿರುತ್ತೆ," ಎನ್ನುತ್ತ ಅವನು ಅವಳ ಕುಂಡಕ್ಕೆ ಬೆರಳಿಳಿಸಿದ. ತೆಗೆದು, ಎದ್ದು ನಿಂತು, "ಒದ್ದೆ ಮೇಡಂ," ಎಂದ.

ಟೀಚರ್ ಬಂದು ನಿಂತರು. "ಮೆಣಸಿನಕಾಯಿ, ಯಾವಾಗ ಯಾವಾಗ ನೀರು ಹಾಕ್ತೀರಿ?"

"ಬೆಳಗ್ಗೆ ಆರಕ್ಕೆ, ಹತ್ತಕ್ಕೆ, ಎರಡಕ್ಕೆ, ಸಂಜೆ ಆರಕ್ಕೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಟೀಚರ್ ನಗಲಿಲ್ಲ.

"ಗಡಿಯಾರ ನೋಡ್ಕೊಂಡು ಕುಡಿಸ್ತೀರಾ? ಅದೇನು ಆಸ್ಪತ್ರೆನಾ? ಕೇಳಿಸ್ಕೊಳ್ಳಿ. ಮುಂದಿನ ಶನಿವಾರದವರೆಗೆ ನೀರು ಬಂದ್. ಒಂದು ತೊಟ್ಟೂ ಕೂಡದು."

ಅವಳು ತಲೆಯಾಡಿಸಿದಳು. ಒಂದು ತೊಟ್ಟೂ ಕೂಡದು. ಅದೇ ಮಾತನ್ನು, ಹೆಚ್ಚುಕಡಿಮೆ ಅದೇ ದನಿಯಲ್ಲಿ, ಅವಳು ಮೊದಲೊಮ್ಮೆ ಕೇಳಿದ್ದಳು.

ಅತ್ತೆಗೆ ಪಾರ್ಶ್ವವಾಯು ಬಡಿದಿತ್ತು. ಬಲಗಡೆ ಪೂರ್ತಿ ಹೋಗಿ ವರ್ಷಗಳೇ ಆಗಿದ್ದವು, ಅವಳು ಯೂನಿಫಾರಂ ಹೊಲಿಯುವ ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದು ಆಗಲೇ. ಎರಡನೇ ಸಲ ಬಡಿದಾಗ ನುಂಗುವ ಶಕ್ತಿಯೂ ಹೋಯಿತು. ಮೂಗಿನೊಳಗಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಹೊತ್ತು ಹೊತ್ತಿಗೆ, ಗಡಿಯಾರ ನೋಡಿ, ಆ ನಳಿಕೆಯಲ್ಲೇ ಹಾಲು, ನೀರು, ಅರೆದ ಮಾತ್ರೆ. ಬಾಯಲ್ಲಿ ಏನೂ ಕೊಡಬೇಡಿ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಒಂದು ತೊಟ್ಟೂ ಕೂಡದು ಎಂದು ಡಾಕ್ಟರು ಬಾಗಿಲವರೆಗೆ ಬಂದು ಹೇಳಿದ್ದರು. ತುಟಿ ಒಣಗಿದರೆ ಹತ್ತಿ ಅದ್ದಿ ಒರೆಸಿ ಎಂದಿದ್ದರು.

ಅವಳು ಒರೆಸಿದಳು. ಆದರೆ ಅತ್ತೆಗೆ ಹತ್ತಿ ಬೇಕಿರಲಿಲ್ಲ. ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಆ ಬಾಯಲ್ಲಿ ಉಳಿದಿತ್ತು: ನೀರು. ಒಂದು ಕಾಲಕ್ಕೆ ಬಾಯಿ ತೆಗೆದರೆ ಇಡೀ ಓಣಿಗೆ ಕೇಳಿಸುವಂತೆ ಮಾತಾಡುತ್ತಿದ್ದ ಹೆಂಗಸು. ಸೊಸೆಯ ಸಾರಿಗೆ ಉಪ್ಪು ಸಾಲದು ಎನ್ನುವುದನ್ನು ಹಾಲಿನವನಿಗೂ ಹೇಳಿದ್ದವರು. ಅಂಥವರು ಒಂದು ಶಬ್ದ ಹಿಡಿದುಕೊಂಡು, ಬೆಳಗ್ಗೆ ಎದ್ದಾಗಿನಿಂದ ಸಂಜೆಯವರೆಗೆ ಸೊಸೆಯ ಮುಖ ನೋಡಿ ಅದನ್ನೇ ಹೇಳುತ್ತಿದ್ದರು. ನಳಿಕೆಯಲ್ಲಿ ಲೋಟಗಟ್ಟಲೆ ಹೋಗುತ್ತಿದ್ದ ನೀರು ಅವರ ಬಾಯಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಚಮಚದಲ್ಲಿ ನೀರು ಕೊಟ್ಟಳು. ಮೂರು ಚಮಚ. ಆಮೇಲೆ ಹಾಸಿಗೆಯ ಪಕ್ಕ ಕೂತು ಉಸಿರು ಕೇಳಿಸಿಕೊಂಡಳು. ಕೆಮ್ಮು ಬರಲಿಲ್ಲ. ಮಾರನೇ ದಿನ ಜ್ವರ ಬಂತು. ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ಸೋಂಕು ಎಂದರು. ವಾರ ತುಂಬುವುದರೊಳಗೆ ಅತ್ತೆ ಹೋದರು.

ಸೋಂಕು ಹೇಗೆ ಬಂತು ಎಂದು ನಾದಿನಿ ಅಳುತ್ತಲೇ ಡಾಕ್ಟರನ್ನು ಕೇಳಿದಳು. ಮಲಗಿದವರಿಗೆ ಹೀಗಾಗುತ್ತದೆ, ಎಂಜಲು ಇಳಿದರೂ ಸಾಕು ಎಂದರು ಡಾಕ್ಟರು. ಗಂಡ ಗೋಡೆಗೆ ಒರಗಿ ನಿಂತಿದ್ದ. ಅವನು ಆಗ ಹೆಂಡತಿಯ ಕಡೆ ಒಮ್ಮೆ ನೋಡಿದ. ಅದು ಬರೀ ನೋಟವಿದ್ದಿರಬಹುದು. ಅವಳಿಗೆ ಮಾತ್ರ ಅವನಿಗೆ ಗೊತ್ತಾಗಿದೆ ಎನ್ನಿಸಿತು. ಅಂದಿನಿಂದ ಅವಳು ಅವನ ಬಾಯಿಂದ ಆ ಪ್ರಶ್ನೆ ಬರುವುದನ್ನು ಕಾಯುತ್ತಿದ್ದಳು. ಕೇಳಿದರೆ ಹೇಳಿಬಿಡುವುದು, ಹೇಳಿದ ಮೇಲೆ ಅವನು ಮನೆಯಲ್ಲಿ ಇರಿಸಿಕೊಂಡರೆ ಇರುವುದು, ಇಲ್ಲವಾದರೆ ಅಕ್ಕನ ಮನೆಗೆ ಹೋಗುವುದು. ಅಷ್ಟನ್ನು ಅವಳು ತೀರ್ಮಾನ ಮಾಡಿಕೊಂಡಾಗಿತ್ತು. ಅವನು ಕೇಳಲಿಲ್ಲ.

ಅವನು ಲಿಫ್ಟ್ ರಿಪೇರಿಯವನು. ಬೇರೆಯವರು ನಡುವೆ ಸಿಕ್ಕಿಹಾಕಿಕೊಂಡಾಗ ಮೇಲೆಯೋ ಕೆಳಗೋ ಒಂದು ಕಡೆಗೆ ತಂದು ಬಾಗಿಲು ತೆಗೆಯುವ ಕೆಲಸ. ಮನೆಯಲ್ಲಿ ಅವನ ಬಾಯಿಗೆ ಬೀಗ ಬಿದ್ದಿತ್ತು. ಊಟಕ್ಕೆ ಹಾಕು, ಬಾಗಿಲು ಹಾಕಿಕೋ, ಗ್ಯಾಸ್ ಬಂತಾ. ಇಷ್ಟರಲ್ಲೇ ಸಂಸಾರ ಸಾಗುತ್ತಿತ್ತು. ಅತ್ತೆಯ ಕೋಣೆಯ ಬಾಗಿಲನ್ನು ಇಬ್ಬರೂ ಮುಚ್ಚಲಿಲ್ಲ, ಇಬ್ಬರೂ ಒಳಗೆ ಹೋಗಿ ಕೂರಲೂ ಇಲ್ಲ. ಮಂಚವನ್ನು ಬಾಡಿಗೆಗೆ ಕೊಟ್ಟವರು ಬಂದು ಒಯ್ದ ಮೇಲೆ ಅಲ್ಲಿ ನಾಲ್ಕು ಕಾಲಿನ ಗುರುತುಗಳಿದ್ದವು, ಅವಳು ಅವುಗಳನ್ನು ಬಿಟ್ಟು ಸುತ್ತ ನೆಲ ಒರೆಸುತ್ತಿದ್ದಳು.

ಇಂಥ ಮನೆಗೆ ಅವಳು ಮೆಣಸಿನ ಸಸಿಯನ್ನು ವಾಪಸು ತಂದು ಬಾಲ್ಕನಿಯಲ್ಲಿಟ್ಟಳು. ನೀರು ಬಂದ್.

ಹೇಳಿದ ಮಾತಿನ ಗೆರೆ ದಾಟಿದರೆ ಏನಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಈ ಸಲ ಅವಳು ದಾಟುವವಳಲ್ಲ. ಸೋಮವಾರ ಎಲೆಗಳು ಜೋತುಬಿದ್ದವು. ಮಂಗಳವಾರ ಇನ್ನಷ್ಟು ಇಳಿದವು. ಒಗೆದ ಬಟ್ಟೆ ಹರವಲು ಬಾಲ್ಕನಿಗೆ ಹೋದಾಗ ಅವಳು ಗಿಡವನ್ನು ನೋಡಿದಳು, ಗಿಡ ಬಾಡಿದೆ ಎಂದುಕೊಂಡಳು, ಬಕೆಟ್ ಎತ್ತಿಕೊಂಡು ಒಳಗೆ ಬಂದಳು. ಕೈ ತಾನಾಗಿ ನಲ್ಲಿಯ ಕಡೆ ಹೋದರೆ ಅದನ್ನು ಸೆರಗಿನಲ್ಲಿ ಒರೆಸಿಕೊಂಡಳು. ಅಯ್ಯೋ ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಹಲ್ಲು ಕೀಳುವ ಮುಂಚೆ ಚುಚ್ಚುಮದ್ದು ಕೊಟ್ಟಾಗ ತನ್ನ ತುಟಿಯೇ ಬೇರೆಯವರದ್ದು ಅನ್ನಿಸುತ್ತದಲ್ಲ, ಅವಳ ಇಡೀ ಮೈ ಹಾಗಿತ್ತು.

ಗಂಡ ಕೂಡ ಬಾಲ್ಕನಿಗೆ ಬರುತ್ತಿದ್ದ. ಎಣ್ಣೆಯ ಕಲೆಯ ಕೆಲಸದ ಅಂಗಿಯನ್ನು ಅಲ್ಲೇ ಬಿಚ್ಚಿ ಮೊಳೆಗೆ ನೇತುಹಾಕಿ, ಕಟ್ಟೆಗೆ ಕೈ ಊರಿ ಒಂದಷ್ಟು ಹೊತ್ತು ನಿಂತು ಬರುವುದು ಅವನ ಅಭ್ಯಾಸ. ಅವನು ಗಿಡದ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಮನೆಗೆ ಹೊಸದಾಗಿ ಬಂದ ಒಂದು ಜೀವ ಅವನ ಕಣ್ಣಿಗೆ ಬಿದ್ದಿದೆಯೋ ಇಲ್ಲವೋ ಎಂದೂ ಅವಳಿಗೆ ಗೊತ್ತಿರಲಿಲ್ಲ.

ಶನಿವಾರ ಕ್ಷೌರಿಕ ಎಂದಿನಂತೆ ತೋಳು ಮಡಚಿ, ಅವಳ ಕುಂಡಕ್ಕೆ ಬೆರಳಿಳಿಸಿದ. ಬೆರಳು ಸರ್ರನೆ ಇಳಿಯಿತು. ಹೊರಗೆ ತೆಗೆದು ನೋಡಿದ, ಮೂಸಿದ, ಮುಖ ಕಿವುಚಿದ. ಅವಳ ಮುಖ ನೋಡಿ, ಹೇಳಲೋ ಬೇಡವೋ ಎಂದು ಒಂದು ಕ್ಷಣ ತಡೆದ. ಆದರೆ ಟೀಚರ್ ನೋಡುತ್ತಿದ್ದರು.

"ಒದ್ದೆ ಮೇಡಂ," ಎಂದ, ತಗ್ಗಿದ ದನಿಯಲ್ಲಿ. "ಒದ್ದೆ ಏನು, ಕೆಸರು."

ಟೀಚರ್ ಸೀಟಿ ಊದಿ ಎಲ್ಲರನ್ನೂ ಸುತ್ತ ಕರೆದರು. ಕುಂಡವನ್ನು ಮಗ್ಗುಲಿಗೆ ವಾಲಿಸಿ, ಅಂಚಿಗೆ ಎರಡು ಏಟು ಕೊಟ್ಟು, ಗಿಡವನ್ನು ಮಣ್ಣಿನ ಮುದ್ದೆಯ ಸಮೇತ ಅಂಗೈ ಮೇಲೆ ಇಳಿಸಿಕೊಂಡರು. ಕೆಳಗೆಲ್ಲ ಹುಳಿ ವಾಸನೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಅದರ ಸಿಪ್ಪೆ ಕಳಚಿ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು.

"ನೋಡ್ಕೊಳ್ಳಿ. ಬೆಳ್ಳಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿದೆ. ನೀರು ಜಾಸ್ತಿಯಾದ್ರೆ ಬೇರು ಉಸಿರು ಕಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಎಳ್ಕೊಳ್ಳಲ್ಲ. ಆಗ ಎಲೆ ಬಾಡುತ್ತೆ. ಎಲೆ ಬಾಡಿದ್ದು ನೋಡಿ ನೀವು ಏನ್ ಮಾಡ್ತೀರಿ? ಅಯ್ಯೋ ಬಾಯಾರಿದೆ ಅಂತ ಇನ್ನೊಂದು ಲೋಟ ಸುರೀತೀರಿ. ಪ್ರೀತಿಯಿಂದಲೇ ಸುರೀತೀರಿ, ಅಲ್ಲ ಅನ್ನಲ್ಲ." ಆಮೇಲೆ ಅವಳ ಕಡೆ ತಿರುಗಿದರು. "ಮೆಣಸಿನಕಾಯಿ, ನೀರು ಹಾಕ್ಬೇಡಿ ಅಂದಿದ್ದೆ."

"ಹಾಕಿಲ್ಲ."

"ದಿನಾ ಹಾಕಿದ್ದೀರಿ."

"ಇಲ್ಲ."

ಪುದೀನ ಮೂಲಂಗಿಯ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ ಅದು. ಎಲ್ಲರೂ ಒಂದಲ್ಲ ಒಂದು ವಾರ ಹೀಗೇ ಸಿಕ್ಕಿಬಿದ್ದವರು, ಎಲ್ಲರೂ ಹಾಕಿಲ್ಲ ಎಂದೇ ಹೇಳಿದವರು. ಅದಕ್ಕೇ ತಾನೆ ಪಕ್ಕದವರ ಬೆರಳಿನ ನಿಯಮ ಬಂದದ್ದು.

"ಪರವಾಗಿಲ್ಲ, ಎಲ್ರೂ ಹೀಗೇ ಹೇಳೋದು," ಎಂದರು ಟೀಚರ್. ಅವರ ದನಿ ಅವರ ಮಟ್ಟಿಗೆ ಮೆತ್ತಗೇ ಇತ್ತು.

ಆಗ ಅವಳಿಗೆ ಸಿಟ್ಟು ಬಂತು.

ಅದು ಸಿಟ್ಟು ಎಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮುಖ ಬಿಸಿಯಾಯಿತು, ಕಿವಿಯಲ್ಲಿ ಗುಂಯ್ ಎಂದಿತು. ನಿಜವಾಗಿ ನೀರು ಕೊಟ್ಟಾಗ ಒಬ್ಬರೂ ಅವಳನ್ನು ಕೇಳಲಿಲ್ಲ. ಇಡೀ ಆಸ್ಪತ್ರೆಯಲ್ಲಿ, ನೆಂಟರಲ್ಲಿ, ಓಣಿಯಲ್ಲಿ ಒಬ್ಬರಾದರೂ ನೀನು ಕೊಟ್ಟೆಯಾ ಎನ್ನಲಿಲ್ಲ, ಎಲ್ಲರೂ ಎಷ್ಟು ಚೆನ್ನಾಗಿ ನೋಡಿಕೊಂಡೆ ತಾಯಿ ಎಂದು ಬೆನ್ನು ಸವರಿ ಹೋದರು. ಈಗ ಕೊಡದೇ ಇದ್ದಾಗ, ಕಣ್ಣೆದುರು ಬಾಡುತ್ತಿದ್ದರೂ ಕೈಕಟ್ಟಿಕೊಂಡು ಕೂತಾಗ, ಹತ್ತು ಜನರ ನಡುವೆ ನಿಲ್ಲಿಸಿ ಕೊಟ್ಟಿದ್ದೀಯೆ ಎನ್ನುತ್ತಿದ್ದಾರೆ.

"ನಾನು ಹಾಕಿಲ್ಲ ಅಂದ್ನಲ್ಲ," ಎಂದಳು. ದನಿ ಏರಿತ್ತು. "ಹಾಕಿದ್ರೆ ಹಾಕಿದೆ ಅಂತಿದ್ದೆ. ಕೊಟ್ಟಿದ್ರೆ ಕೊಟ್ಟೆ ಅಂತಿದ್ದೆ."

ಎರಡನೆಯ ಮಾತು ಸುಳ್ಳೆಂದು ಆಡಿದ ಮೇಲೆ ಅವಳಿಗೇ ತಿಳಿಯಿತು. ಟೀಚರ್ ಕೊರಳಿನ ಸೀಟಿಯನ್ನು ಕೈಯಲ್ಲಿ ಹಿಡಿದರು, ಊದಲಿಲ್ಲ. ಕೊಳೆತ ಬೇರನ್ನೆಲ್ಲ ಕತ್ತರಿಸಿ, ಮರಳು ಬೆರೆಸಿದ ಒಣಮಣ್ಣಿನಲ್ಲಿ ಗಿಡವನ್ನು ಮತ್ತೆ ನೆಟ್ಟು ಅವಳ ಕೈಗೆ ಕೊಟ್ಟರು. "ಉಳೀಬಹುದು, ಹೋಗ್ಲೂಬಹುದು. ಇನ್ನು ಅದಕ್ಕೆ ಬಿಟ್ಟಿದ್ದು," ಎಂದರು.

ಬಸ್ ನಿಲ್ದಾಣದವರೆಗೆ ಕ್ಷೌರಿಕ ಜೊತೆಯಲ್ಲೇ ಬಂದ. ತನ್ನ ಬೆರಳಿನಿಂದಲೇ ಇಷ್ಟೆಲ್ಲ ಆಯಿತಲ್ಲ ಎಂದು ಅವನಿಗೆ ಕಸಿವಿಸಿ. ಬಹಳ ದೂರ ಮಾತಿಲ್ಲದೆ ನಡೆದ, ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ.

"ಮನೇಲಿ ಇನ್ಯಾರಿದ್ದಾರೆ ಅಮ್ಮ?" ಎಂದು ಕೊನೆಗೆ ಕೇಳಿದ.

"ನಮ್ಮನೆಯವರು."

"ಹಾಗಾದ್ರೆ ಅವ್ರೇ."

"ಅವ್ರು ಆ ಕಡೆ ತಿರುಗಿ ಕೂಡ ನೋಡಲ್ಲ."

"ನನ್ನ ಹೆಂಡ್ತಿನೂ ಹಾಗೇ ತಿಳ್ಕೊಂಡಿದ್ದಾಳೆ. ನಾನು ಅಂಗಡಿ ಬಾಗ್ಲು ತೆಗೆಯೋಕೆ ಮುಂಚೆ ಹಿತ್ತಲಿಗೆ ಹೋಗಿ ಅವಳ ಮಲ್ಲಿಗೆ ಬಳ್ಳಿಗೆ ಒಂದು ಚೊಂಬು ಸುರಿದೇ ಬರೋದು. ಕೇಳಿದ್ರೆ ನಾನ್ಯಾಕೆ ಹಾಕ್ಲಿ ಅಂತೀನಿ," ಎಂದ ಕ್ಷೌರಿಕ. "ಯಾಕೆ ಹಾಗಂತೀನಿ ಅಂತ ಕೇಳ್ಬೇಡಿ. ನಂಗೂ ಗೊತ್ತಿಲ್ಲ."

ಅಂದು ಸಂಜೆ ಅವಳು ಅಡುಗೆಮನೆಯ ಕಿಟಕಿಯ ಹಿಂದೆ, ದೀಪ ಹಾಕದೆ ನಿಂತಳು. ಅಲ್ಲಿಂದ ಬಾಲ್ಕನಿ ಪೂರ್ತಿ ಕಾಣುತ್ತಿತ್ತು. ಗಂಡ ಬಂದ. ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ಕಟ್ಟೆಗೆ ಕೈ ಊರಿ ನಿಂತ. ಆಮೇಲೆ ಕೆಳಗೆ ಗಿಡದ ಕಡೆ ನೋಡಿದ. ಬೇರು ಕತ್ತರಿಸಿದ ಗಿಡ, ಎಲೆಗಳು ಕಾಂಡಕ್ಕೆ ಅಂಟಿಕೊಂಡಂತೆ ಇಳಿಬಿದ್ದಿದ್ದವು. ಅವನು ಬಚ್ಚಲಿಗೆ ಹೋಗಿ ಒಂದು ಲೋಟ ನೀರು ತಂದ. ಕುಕ್ಕರುಗಾಲಲ್ಲಿ ಕೂತ. ಒಂದೇ ಸಲಕ್ಕೆ ಸುರಿಯದೆ, ಲೋಟವನ್ನು ಓರೆ ಮಾಡಿ, ಸ್ವಲ್ಪ ಸ್ವಲ್ಪವಾಗಿ, ನಿಲ್ಲಿಸಿ ನಿಲ್ಲಿಸಿ ಹಾಕತೊಡಗಿದ.

ಅವಳು ಬಾಲ್ಕನಿಯ ಬಾಗಿಲಿಗೆ ಬಂದು ನಿಂತಳು. "ಹಾಕ್ಬೇಡಿ."

ಅವನು ಬೆಚ್ಚಲಿಲ್ಲ. ಲೋಟ ನೆಟ್ಟಗೆ ಮಾಡಿ ಹಿಡಿದುಕೊಂಡ. "ಬಾಡಿದೆ," ಎಂದ.

"ಬಾಡಿದ್ರೂ ಹಾಕ್ಬಾರ್ದು ಅಂದಿದ್ದಾರೆ. ಬೇರು ಕೊಳೆತಿದೆ. ವಾರ ಪೂರ್ತಿ ನಾನು ಮುಟ್ಟಿಲ್ಲ. ನೀವು ದಿನಾ ಹಾಕ್ತಿದ್ರಾ?"

"ಹೂಂ."

"ಯಾಕೆ?"

"ನೀನು ಹಾಕ್ತಿರ್ಲಿಲ್ಲ. ಬರ್ತೀಯ, ನೋಡ್ತೀಯ, ಹೋಗ್ತೀಯ," ಎಂದ ಅವನು. "ಬಾಯಾರಿರೋದನ್ನ ನೋಡ್ಕೊಂಡು ಎಷ್ಟು ದಿನ ಅಂತ ಇರೋದು."

ಅವನ ಮಾತಿನಲ್ಲಿ ಆಪಾದನೆ ಇರಲಿಲ್ಲ. ದಣಿದವನ ಮಾತು ಅಷ್ಟೇ. ಆದರೆ ಅವಳ ಬಾಯಿಂದ ಉತ್ತರ ತಾನೇ ತಾನಾಗಿ ಬಂತು. ಇಷ್ಟು ತಿಂಗಳು ಅವನು ಕೇಳಲಿ ಎಂದು ಕಾದವಳು, ಅವನು ಕೇಳದೆ ಇರುವಾಗ ಹೇಳಿಬಿಟ್ಟಳು.

"ನಾನು ಅತ್ತೆಗೆ ನೀರು ಕೊಟ್ಟೆ."

ಅವನು ತಲೆ ಎತ್ತಿದ.

"ಬಾಯಲ್ಲಿ ಕೊಟ್ಟೆ. ಡಾಕ್ಟ್ರು ಬೇಡ ಅಂದಿದ್ರೂ ಕೊಟ್ಟೆ. ಜ್ವರ ಬಂತಲ್ಲ, ಅದರ ಹಿಂದಿನ ದಿನ ಮಧ್ಯಾಹ್ನ. ಮೂರು ಚಮಚ. ಅದರಿಂದಲೇ ಆಗಿದ್ದು. ನಿಮಗೆ ಆವತ್ತೇ ಗೊತ್ತಾಗಿದೆ ಅಂದ್ಕೊಂಡಿದ್ದೆ."

ಹೇಳಿ ಮುಗಿಸಿ ಅವಳು ಕಾದಳು. ಅವನು ಎದ್ದು ಒಳಗೆ ಹೋಗುತ್ತಾನೆ, ಇಲ್ಲವೇ ಲೋಟ ಬಿಸಾಡುತ್ತಾನೆ, ಇಲ್ಲವೇ ತಂಗಿಗೆ ಫೋನ್ ಮಾಡುತ್ತಾನೆ. ಮೂರಕ್ಕೂ ಅವಳು ತಯಾರಾಗಿದ್ದಳು. ಬಟ್ಟೆ ಯಾವ ಚೀಲಕ್ಕೆ ತುಂಬುವುದು ಎಂಬುದೂ ತಲೆಯಲ್ಲಿ ಬಂದುಹೋಯಿತು. ಅವನು ಕುಕ್ಕರುಗಾಲು ಬಿಟ್ಟು ಬಾಲ್ಕನಿಯ ನೆಲದ ಮೇಲೆಯೇ ಕಾಲು ಚಾಚಿ ಕೂತ. ಲೋಟವನ್ನು ಪಕ್ಕಕ್ಕೆ ಇಟ್ಟ.

"ಅಮ್ಮ ನನ್ನ ಹತ್ರ ರಾತ್ರಿ ಎಲ್ಲ ಕೇಳ್ತಿದ್ಲು," ಎಂದ.

ಹಗಲು ಅವಳದು, ರಾತ್ರಿ ಅವನದು ಎಂದು ಅವರು ಪಾಳಿ ಹಂಚಿಕೊಂಡಿದ್ದರು. ಹಗಲೆಲ್ಲ ದುಡಿದು ಸುಸ್ತಾಗಿ ಅವಳು ಮಲಗಿದರೆ ಬೆಳಗ್ಗೆಯೇ ಎಚ್ಚರ. ರಾತ್ರಿ ಅತ್ತೆ ನಿದ್ದೆ ಮಾಡುತ್ತಾರೆ ಎಂದೇ ಅವಳು ತಿಳಿದಿದ್ದಳು. ಅವನೂ ಹಾಗೇ ಹೇಳುತ್ತಿದ್ದ.

"ಮೊದ್ಲು ಮೊದ್ಲು, ಡಾಕ್ಟ್ರು ಬೇಡ ಅಂದಿದ್ದಾರಮ್ಮ, ನಾಳೆ ಕೊಡ್ತೀನಿ ಅಂತಿದ್ದೆ. ದಿನಾ ನಾಳೆ ನಾಳೆ. ಆಮೇಲೆ ಅದನ್ನ ಹೇಳೋಕೂ ಬಾಯಿ ಬರ್ದೆ, ಹಾಲಿಗೆ ಬಂದು ಟಿವಿ ಹಾಕ್ಕೊಂಡು ಕೂರ್ತಿದ್ದೆ. ಅವಳ ದನಿ ಕೇಳಿಸ್ಬಾರ್ದು ಅಂತ." ಅವನು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ನನ್ನ ಕೈಯಲ್ಲಿ ಒಂದು ತೊಟ್ಟು ಹೋಗ್ಲಿಲ್ಲ. ಸಾಯೋ ತನಕ ಕೇಳಿದ್ಲು, ಕೊಡ್ಲಿಲ್ಲ. ನೀನೂ ಕೊಡ್ಲಿಲ್ಲ ಅಂತಲೇ ತಿಳ್ಕೊಂಡಿದ್ದೆ. ಬಾಯಾರ್ಕೊಂಡೇ ಹೋದ್ಲು ಅಂತ."

ಅವಳು ಬಾಗಿಲ ಹೊಸ್ತಿಲ ಮೇಲೆ ಕೂತಳು. ತನ್ನ ಗಂಡ ಅಮ್ಮನನ್ನು ಒಳಗೆ ಬಿಟ್ಟು ಹಾಲಿನಲ್ಲಿ ಟಿವಿ ನೋಡುತ್ತಾನೆ, ಎಂಥ ಕಲ್ಲು ಮನಸ್ಸು ಎಂದು ಎಷ್ಟೋ ಸಲ ಅವಳು ನಿದ್ದೆಗೆ ಜಾರುತ್ತ ಅಂದುಕೊಂಡಿದ್ದಳು. ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

"ಕುಡಿದ್ಲಾ?" ಎಂದ ಅವನು.

"ಆಂ?"

"ನೀನು ಕೊಟ್ಯಲ್ಲ. ಕುಡಿದ್ಲಾ?"

"ಕುಡಿದ್ರು."

"ಹೇಗೆ ಕುಡಿದ್ಲು?"

ಅವಳು ಯೋಚಿಸಬೇಕಾಯಿತು. ಇಷ್ಟು ತಿಂಗಳೂ ಆ ಮಧ್ಯಾಹ್ನ ಅವಳ ತಲೆಯಲ್ಲಿ ಸುತ್ತುತ್ತಲೇ ಇತ್ತು, ಆದರೆ ಅದರಲ್ಲಿ ಇದ್ದದ್ದು ಅವಳ ಕೈ, ಚಮಚ, ಆಮೇಲಿನ ಉಸಿರಿನ ಸದ್ದು, ಜ್ವರ. ಆ ನೆನಪಿನೊಳಗೆ ಅತ್ತೆಯ ಮುಖದ ಕಡೆ ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಈಗ ನೋಡಿದಳು.

"ಮೊದಲ್ನೇ ಚಮಚ ಬಾಯಲ್ಲೇ ಇಟ್ಕೊಂಡಿದ್ರು, ತುಂಬಾ ಹೊತ್ತು," ಎಂದಳು. "ಕಣ್ಣು ಮುಚ್ಕೊಂಡಿದ್ರು. ಎಲ್ಲಿ ಆಚೆ ಬರುತ್ತೋ ಅಂತ ನಾನು ಟವೆಲ್ ಹಿಡ್ಕೊಂಡೆ, ಬರ್ಲಿಲ್ಲ. ಎರಡನೇದಕ್ಕೆ ತಾವಾಗೇ ಬಾಯಿ ತೆಗೆದ್ರು. ಮೂರನೇದು ಆದ್ಮೇಲೆ ನಾನು ಮತ್ತೆ ತುಂಬಿಸೋಕೆ ಹೋದ್ರೆ, ಎಡಗೈಯಿಂದ ನನ್ನ ಕೈ ಹಿಡ್ದು, ಸಾಕು ಅಂದ್ರು."

ಅವನು ಅವಳನ್ನೇ ನೋಡುತ್ತಿದ್ದ. "ಸಾಕು ಅಂದ್ಲಾ? ಆ ಮಾತು ಬಂತಾ ಅವಳಿಗೆ?"

"ಬಂತು. ಸರಿಯಾಗಿ ಬಂತು. ಮುಂಚೆ ಅಂತಿದ್ರಲ್ಲ, ಊಟಕ್ಕೆ ಎರಡನೇ ಸಲ ಬಡಿಸೋಕೆ ಹೋದ್ರೆ, ಹಾಗೇ."

ಅವಳಿಗೇ ಅದು ನೆನಪಿರಲಿಲ್ಲ. ತನ್ನ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಂಡಂತಾಯಿತು. ಅಳು ಬರಬಹುದು ಎಂದುಕೊಂಡಳು, ಬರಲಿಲ್ಲ. ಅವನಿಗೆ ಬಂತು. ಸದ್ದಿಲ್ಲದೆ ಅತ್ತ, ಬನಿಯನ್ ಎತ್ತಿ ಮುಖ ಒರೆಸಿಕೊಂಡ. ಒರೆಸಿಕೊಂಡು ಅವಳ ಪಕ್ಕಕ್ಕೆ ಸರಿದು, ಗೋಡೆಗೆ ಒರಗಿ ಕೂತ.

"ಇನ್ನೊಂದ್ಸಲ ಹೇಳು," ಎಂದ.

ಅವಳು ಮೊದಲಿಂದ ಹೇಳಿದಳು.